ಸ್ಲ್ಯಾಕ್ ಇದ್ರೆ ರ‍್ಯಾಬಿಟ್‌ಎಂಕ್ಯೂ ಬೇಡ ಅನ್ನೋದು ತಪ್ಪು

"ಎರಡೂ ಮೆಸೇಜ್ ಕಳ್ಸೋದೇ ತಾನೇ, ಸ್ಲ್ಯಾಕ್ ಇರೋವಾಗ ರ‍್ಯಾಬಿಟ್‌ಎಂಕ್ಯೂ ಯಾಕೆ" ಅಂತ ಒಂದು ಹೋಲಿಕೆ ಚಾರ್ಟ್ ಓಡಾಡ್ತಿದೆ, ಸುಮಾರು ಜನ ನಿಜ ಅಂತಾನೇ ಫಾರ್ವರ್ಡ್ ಮಾಡ್ತಿದಾರೆ. ಅದು ತಪ್ಪು. ಸ್ಲ್ಯಾಕ್, ಟೀಮ್ಸ್ ಥರದ ಚಾಟ್ ಆ್ಯಪ್ ಇರೋದು ಮನುಷ್ಯರು ಮಾತಾಡ್ಕೊಳ್ಳೋಕೆ. 2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯೂ ಇರೋದು ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಂಗೆ ಕೆಲಸ ಒಪ್ಪಿಸೋಕೆ, ಮಧ್ಯದಲ್ಲಿ ಅದು ಮೆಸೇಜ್‌ಗಳನ್ನ ಒಂದು ಸಾಲಲ್ಲಿ, ಅಂದ್ರೆ ಕ್ಯೂನಲ್ಲಿ, ಇಟ್ಕೊಂಡಿರತ್ತೆ.

ವ್ಯತ್ಯಾಸ ಗೊತ್ತಾಗೋದು ಏನಾದ್ರೂ ಕೆಟ್ಟಾಗ. ಆರ್ಡರ್ ಬಂತು, ಇನ್‌ವಾಯ್ಸ್ ಮಾಡೋ ಸರ್ವರ್ ಮಧ್ಯದಲ್ಲೇ ಸತ್ತೋಯ್ತು ಅಂದ್ಕೊಳಿ, ಕೆಲಸ ಮುಗಿದ್ಮೇಲೆ ಆಕ್ ("ಕೆಲಸ ಮುಗೀತು" ಅನ್ನೋ ಸಂದೇಶ) ಕಳಿಸೋ ಹಾಗೆ ಕೋಡ್ ಬರ್ದಿದ್ರೆ, ಆಕ್ ಬರ್ಲಿಲ್ಲ ಅಂತ ಕ್ಯೂ ಅದೇ ಮೆಸೇಜನ್ನ ಇನ್ನೊಂದು ಸರ್ವರ್‌ಗೆ ಕೊಡತ್ತೆ (ಹಾಗಾಗಿ ಒಂದೇ ಮೆಸೇಜ್ ಎರಡು ಸಲ ಬರಬಹುದು, ಕೋಡ್ ಅದಕ್ಕೂ ರೆಡಿ ಇರ್ಬೇಕು). ಸ್ಲ್ಯಾಕ್ ಚಾನಲ್‌ನಲ್ಲಿ ಈ ಲೆಕ್ಕ ಇಡೋರು ಯಾರೂ ಇಲ್ಲ, ಮೇಲಾಗಿ ಆ್ಯಪ್‌ನಿಂದ ಒಂದು ಚಾನಲ್‌ಗೆ ಸೆಕೆಂಡಿಗೆ ಸುಮಾರು 1 ಮೆಸೇಜ್ ಅಷ್ಟೇ ಮಿತಿ.

ಸ್ಲ್ಯಾಕ್‌ನವರೇ ತಮ್ಮ ಜಾಬ್ ಕ್ಯೂಗೆ ಕಾಫ್ಕಾ (ಇದೂ ಪ್ರೋಗ್ರಾಂಗಳ ಮಧ್ಯೆ ಮೆಸೇಜ್ ಸಾಗಿಸೋ ಸಾಫ್ಟ್‌ವೇರ್) ಸೇರಿಸ್ಕೊಂಡಿದ್ದನ್ನ 2017ರಲ್ಲಿ ಬರ್ದಿದ್ರು, ಚಾಟ್ ಕಂಪನಿಗೇ ಕ್ಯೂ ಬೇಕಾಯ್ತು ನೋಡಿ.

ದಯವಿಟ್ಟು ಪೇಮೆಂಟ್ ಥರದ ಕೆಲಸನ ಚಾಟ್ ಮೇಲೆ ನಿಲ್ಲಿಸ್ಬೇಡಿ. ಎರಡನ್ನೂ ಸೇರಿಸ್ಬೇಕು ಅಂದ್ರೆ ಕ್ಯೂನಲ್ಲಿ ಮೆಸೇಜ್ ರಾಶಿ ಬಿದ್ದಾಗ ಸ್ಲ್ಯಾಕ್‌ಗೆ ಅಲರ್ಟ್ ಬರೋ ಹಾಗೆ ಮಾಡ್ಕೊಳಿ.