ಉಳುವವರಿಲ್ಲದ ಊರಿನ ಜಮೀನು: ಈಗಲೇ ಮಾರಬೇಕಾ?

ಮನೆಯವರೆಲ್ಲ ಪೇಟೆ ಸೇರಿದ್ದಾರೆ. ಊರಲ್ಲಿ ಮೂರೋ ನಾಲ್ಕೋ ಎಕರೆ ಹಾಗೇ ಉಳಿದಿದೆ. ಕರ್ನಾಟಕದ ಯಾವ ಹೋಬಳಿಗೆ ಹೋದರೂ ಇಂಥ ಮನೆತನಗಳು ಸಿಗುತ್ತವೆ. ಆ ಜಮೀನನ್ನು ಈಗಲೇ ಮಾರುವುದು ಸರಿಯೇ? ಎರಡೂ ಕಡೆಯ ಮಾತು ಇಲ್ಲಿದೆ.

ಪರ: ಸಹಿ ಹಾಕುವವರು ಕಡಿಮೆ ಇರುವಾಗಲೇ ಮಾರಿ

ಜಮೀನು ಮಾರುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ರೇಟು. ಎಕರೆಗೆ ಎಷ್ಟು ನಡೆಯುತ್ತಿದೆ, ಬೈಪಾಸ್ ಬರುತ್ತದಂತೆ ಹೌದಾ, ಇನ್ನೆರಡು ವರ್ಷ ಕಾದರೆ ಏರುತ್ತದಾ? ನಾನು ಕೇಳುವುದು ಬೇರೆ. ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಯಾರ ಹೆಸರಿದೆ?

ಎಷ್ಟೋ ಮನೆಗಳಲ್ಲಿ ಅಲ್ಲಿ ಇನ್ನೂ ತಾತನ ಹೆಸರೇ ಇರುತ್ತದೆ. ತಾತ ತೀರಿಕೊಂಡು ಕಾಲವಾಯಿತು, ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಯಾರೂ ಮಾಡಿಸಿಲ್ಲ. ಆ ತಾತನಿಗೆ ಮೂರು ಗಂಡು, ಎರಡು ಹೆಣ್ಣು ಮಕ್ಕಳು ಅಂದುಕೊಳ್ಳಿ. ಐವರೂ ಇರುವಾಗ ಒಂದು ಹಬ್ಬಕ್ಕೆ ಸೇರಿದಾಗ ಕೂತು ಮಾತಾಡಿ ಮುಗಿಸಬಹುದು. ಅವರಲ್ಲಿ ಇಬ್ಬರು ಹೋದರೆ ಅವರ ಜಾಗಕ್ಕೆ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ದುಬೈನಲ್ಲಿ. ದೂರ ಇದ್ದವರಿಂದ ಪವರ್ ಆಫ್ ಅಟಾರ್ನಿ ತರಿಸಬೇಕು. ಅವರಲ್ಲಿ ಒಬ್ಬರಿಗೆ ಇನ್ನೊಬ್ಬರ ಮೇಲೆ ಹಳೇ ಬೇಸರ. ವಂಶವೃಕ್ಷದ ಕಾಗದ ಉದ್ದವಾಗುತ್ತಾ ಹೋಗುತ್ತದೆ, ಮಾತುಕತೆ ಮುಂದಕ್ಕೆ ಹೋಗುತ್ತದೆ. ಕೊನೆಗೆ ಯಾರೋ ಒಬ್ಬರು ಕೋರ್ಟಿಗೆ ಪಾಲಿನ ದಾವೆ ಹಾಕುತ್ತಾರೆ. ಅಲ್ಲಿಗೆ ರೇಟು ಎಷ್ಟಾದರೂ ಇರಲಿ, ಕೊಳ್ಳುವವರು ಹತ್ತಿರ ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಬಿಟ್ಟು ಲೆಕ್ಕ ಹಾಕುವವರು ಈಗಲೂ ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ವರ್ಷ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಅತ್ತೆಯಂದಿರ, ಅಕ್ಕಂದಿರ ಸಹಿ ಇಲ್ಲದ ಕ್ರಯ ಮುಂದೆ ಜಗಳಕ್ಕೇ ದಾರಿ. ಅವರು ಇರುವಾಗ, ಮನಸ್ಸು ಚೆನ್ನಾಗಿರುವಾಗ, ಅವರ ಪಾಲು ಕೊಟ್ಟು ಮಾರುವುದು ನ್ಯಾಯವೂ ಹೌದು, ಕ್ಷೇಮವೂ ಹೌದು.

ಇನ್ನೊಂದು, ಗಡಿ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಸರ್ವೆಯವರು ಬಂದ ದಿನ ನೋಡಿ. ಹಳೇ ಸರ್ವೆಯ ಅಳತೆ ನಕ್ಷೆಯಾದ ಟಿಪ್ಪಣಿಯ ನಕಲು ಹಿಡಿದು ಅಳೆಯುತ್ತಾ ಬರುತ್ತಾರೆ. ನೋಟಿಸ್ ತಲುಪಿದ ಅಕ್ಕಪಕ್ಕದವರು ಬದುವಿನ ಮೇಲೆ ನಿಂತಿರುತ್ತಾರೆ. ಬಾಂದು ಕಲ್ಲು ಎಲ್ಲಿದೆ ಅಂತ ಪೇಟೆಯಿಂದ ಬಂದ ಮಕ್ಕಳಿಗೆ ಗೊತ್ತಿರುವುದಿಲ್ಲ. ದೊಡ್ಡಪ್ಪ ಕೋಲು ಊರಿಕೊಂಡು ಹೋಗಿ, ಲಂಟಾನ ಪೊದೆ ಸರಿಸಿ, ಇಲ್ಲಿ ಅಗೆಯಿರಿ ಅನ್ನುತ್ತಾರೆ. ಎರಡು ಗುದ್ದಲಿ ಏಟಿಗೆ ಕಲ್ಲಿನ ತಲೆ ಕಾಣುತ್ತದೆ. ಅಷ್ಟರಲ್ಲಿ ಪಕ್ಕದ ಹೊಲದ ಉಳುಮೆ ಆ ಕಲ್ಲನ್ನು ದಾಟಿ ಎರಡು ಮಾರು ಈಚೆಗೆ ಬಂದಿರುವುದೂ ಕಾಣುತ್ತದೆ. ದೊಡ್ಡಪ್ಪ ಇಲ್ಲದಿದ್ದರೆ ಆ ಎರಡು ಮಾರು ಹೋದಹಾಗೇ. ಬೇರೆಯವರು ತಮ್ಮದೇ ಅಂತ 12 ವರ್ಷ ಬಹಿರಂಗವಾಗಿ ಅನುಭವಿಸಿದರೆ, ಅದು ತಮ್ಮದೇ ಎಂದು ವಾದಿಸಲು ಕಾನೂನು ಅವಕಾಶ ಕೊಡುತ್ತದೆ.

ಯಾರಿಗಾದರೂ ಗುತ್ತಿಗೆಗೆ ಕೊಟ್ಟು ಕಾಪಾಡಿಕೊಳ್ಳೋಣ ಅನ್ನುತ್ತೀರಾ? ನಮ್ಮ ಭೂಸುಧಾರಣಾ ಕಾನೂನಿನಲ್ಲಿ 1974ರಿಂದ ಕೃಷಿ ಜಮೀನಿನ ಗೇಣಿಗೆ ಅವಕಾಶವಿಲ್ಲ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಊರಲ್ಲಿ ಎಲ್ಲವೂ ಬಾಯಿಮಾತಿನ ಮೇಲೆ ನಡೆಯುತ್ತದೆ. ಉಳುವವನಿಗೂ ಭದ್ರತೆಯಿಲ್ಲ, ಮಾಲೀಕನಿಗೂ ಇಲ್ಲ.

ಕೊಳ್ಳುವವರು ಈಗ ಜಾಸ್ತಿಯಾಗಿದ್ದಾರೆ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಮೊದಲು ಕೃಷಿಯೇತರ ಆದಾಯ 25 ಲಕ್ಷ ದಾಟಿದವರು, ರೈತರಲ್ಲದವರು ನಮ್ಮಲ್ಲಿ ಹೊಲ ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾನೂನಿನ 2020ರ ತಿದ್ದುಪಡಿ ಆ ನಿರ್ಬಂಧದ 79ಎ, 79ಬಿ ಕಲಂಗಳನ್ನೇ ತೆಗೆದುಹಾಕಿತು. ತೆರಿಗೆಯ ಕಡೆಯೂ ನೋಡಿ. ನಿಜವಾಗಿ ಗ್ರಾಮೀಣ ಕೃಷಿ ಜಮೀನಾದರೆ ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಯಾವುದು ಗ್ರಾಮೀಣ ಅನ್ನುವ ಗೆರೆ ಹತ್ತಿರದ ಪಟ್ಟಣದ ಗಾತ್ರದ ಮೇಲೆ ನಿಂತಿದೆ, ಗೆರೆಯ ಒಳಗಿನ ಹೊಲಕ್ಕೆ ಈ ವಿನಾಯಿತಿ ಇಲ್ಲ. ಜನಸಂಖ್ಯೆ 10 ಸಾವಿರದಿಂದ 1 ಲಕ್ಷದ ಪಟ್ಟಣದ ಎಲ್ಲೆಯಿಂದ 2 ಕಿಲೋಮೀಟರ್, 10 ಲಕ್ಷದವರೆಗೆ 6, ಅದಕ್ಕೂ ಮೇಲಾದರೆ 8. ರಸ್ತೆಯ ದೂರವಲ್ಲ, ನೇರ ಆಕಾಶಮಾರ್ಗದ ದೂರ. ಈಗ ಲೆಕ್ಕಕ್ಕೆ ಹಿಡಿಯುವುದು 2011ರ ಜನಗಣತಿಯನ್ನು. ಮುಂದಿನ ಗಣತಿಯ ಅಂಕಿ ಬಂದರೆ ಎಷ್ಟೋ ಪಟ್ಟಣಗಳ ಗೆರೆ ಹೊರಗೆ ಸರಿಯಬಹುದು, ಇವತ್ತು ಹೊರಗಿರುವ ಹೊಲ ಒಳಗೆ ಸೇರಬಹುದು. ಸುಮ್ನೆ ಪಾಳು ಬಿಟ್ಟ ಜಮೀನನ್ನು ಕೃಷಿ ಜಮೀನು ಅಂತ ತೋರಿಸುವುದೂ ವರ್ಷ ಕಳೆದಂತೆ ಕಷ್ಟವಾಗುತ್ತದೆ. ಮಾರಬೇಕು ಅಂತ ಮನಸ್ಸು ಮಾಡಿದ ಮನೆ ರೇಟು ನೋಡುತ್ತಾ ಕೂರದೆ, ಹಿರಿಯರ ವಯಸ್ಸು ನೋಡಿ ಹೊರಡಬೇಕು.

ವಿರೋಧ: ಈಗ ಮಾರಿದರೆ ನಿಮ್ಮ ಕೆಲಸದ ಲಾಭ ಬೇರೆಯವರಿಗೆ

ಹಿರಿಯರು ಇರುವಾಗಲೇ ಕಾಗದ ಸರಿಮಾಡಿಕೊಳ್ಳಿ ಅನ್ನುವುದು ನೂರಕ್ಕೆ ನೂರು ನಿಜ. ಆದರೆ ಕಾಗದ ಸರಿಮಾಡುವುದು ಬೇರೆ, ಮಾರುವುದು ಬೇರೆ. ಮೊದಲನೆಯದನ್ನು ಇವತ್ತೇ ಮಾಡಿ. ಎರಡನೆಯದಕ್ಕೆ ಅವಸರ ಬೇಡ.

ಹಳ್ಳಿಯ ಜಮೀನು ಬಹುಪಾಲು ಮಾರಾಟವಾಗುವುದು ಯಾವಾಗ? ಆಸ್ಪತ್ರೆ ಬಿಲ್ಲು ಬಂದಾಗ, ಮದುವೆ ಗೊತ್ತಾದಾಗ, ಸಾಲದವರು ಬಾಗಿಲಿಗೆ ಬಂದಾಗ. ಅದು ಕೊಳ್ಳುವವನಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ. ಬ್ರೋಕರ್ ಮೂಲಕ ಸುದ್ದಿ ಹೋಗಿರುತ್ತದೆ. ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸುವುದು) ಆಗಿಲ್ಲ, ಖಾತೆ ಜಂಟಿ ಇದೆ, ದಾರಿ ಸರಿಯಿಲ್ಲ ಅಂತ ಒಂದೊಂದಕ್ಕೂ ರೇಟು ಇಳಿಸುತ್ತಾನೆ. ಆಮೇಲೆ ತಾನೇ ಪೋಡಿ ಮಾಡಿಸಿ, ಬಾಂದು ಕಲ್ಲು ನೆಟ್ಟು, ತಂತಿ ಬೇಲಿ ಹಾಕಿ ಪೂರ್ತಿ ಬೆಲೆಗೆ ಮಾರುತ್ತಾನೆ. ಅವನು ಮಾಡಿದ್ದು ನಾಡಕಚೇರಿ, ತಾಲ್ಲೂಕು ಕಚೇರಿ, ಸರ್ವೆ ಕಚೇರಿಗೆ ಓಡಾಡಿದ ಕೆಲಸ ಮಾತ್ರ. ಆ ಓಡಾಟ ನಮ್ಮಿಂದ ಆಗದ್ದೇನೂ ಅಲ್ಲವಲ್ಲ.

ಹಾಗಾದರೆ ಮೊದಲು ಏನು ನೋಡಬೇಕು? ಪಹಣಿಯ ವಿಸ್ತೀರ್ಣ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್‌ಗೆ ಹೊಂದುತ್ತದಾ? ಪಹಣಿಯಲ್ಲಿ ಸಾಲ, ಋಣ ಬರೆಯುವ 11ನೇ ಕಾಲಂನಲ್ಲಿ ತೀರಿಹೋದ ಸೊಸೈಟಿ ಸಾಲ ಇನ್ನೂ ಕೂತಿದೆಯಾ? ಗ್ರಾಮದ ನಕ್ಷೆಯಲ್ಲಿ ಗುರುತಿಸಿದ ದಾರಿ ಹೊಲಕ್ಕೆ ಮುಟ್ಟುತ್ತದಾ, ಅಥವಾ ಪಕ್ಕದವರ ಒಳ್ಳೆತನದ ಮೇಲೆ ಇಷ್ಟು ವರ್ಷ ಓಡಾಡಿದ್ದೀರಾ? ಜಮೀನು ಹಿಂದೆ ಸರ್ಕಾರದಿಂದ ಮಂಜೂರಾದದ್ದಾ? ಈ ಕೊನೆಯದು ತುಂಬ ಮುಖ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾನೂನಿನ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ತುಂಬ ವರ್ಷ ಆಯಿತು, ಈಗ ಕೇಳುವ ಹಾಗಿಲ್ಲ ಅನ್ನುವ ವಾದಕ್ಕೆ ತಡೆ ಹಾಕಲೆಂದು 2023ರಲ್ಲಿ ತಿದ್ದುಪಡಿ ತಂದರು. ಆ ಜಮೀನು ಆ ಕುಟುಂಬಗಳ ಕೈಯಲ್ಲೇ ಉಳಿಯಬೇಕು ಅನ್ನುವುದೇ ಆ ಕಾನೂನಿನ ಉದ್ದೇಶ. ನಾನು ಅದನ್ನು ಮನಸಾರೆ ಒಪ್ಪುತ್ತೇನೆ.

ಅವಸರದ ಕ್ರಯಗಳಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಕ್ರಯಪತ್ರದಲ್ಲಿ ಕಡಿಮೆ ಬರೆಸುವುದು. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕೆ ಪತ್ರ, ಉಳಿದದ್ದು ಕವರಿನಲ್ಲಿ. ಹೀಗೆ ಕೊಡುತ್ತೇನೆ ಅಂದ ದುಡ್ಡು ಬಾರದೆ ಹೋದರೆ ಕೇಳಲು ಕಾಗದವಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಅದಕ್ಕಿಂತ ದೊಡ್ಡ ಪೆಟ್ಟು ಇಡೀ ಊರಿಗೆ. ನಾಳೆ ಹೆದ್ದಾರಿಗೋ ಕೈಗಾರಿಕೆಗೋ ಸರ್ಕಾರ ಜಮೀನು ಹಿಡಿದಾಗ, 2013ರ ಭೂಸ್ವಾಧೀನ ಕಾನೂನಿನ ಪರಿಹಾರದ ಲೆಕ್ಕದಲ್ಲಿ ಸುತ್ತಮುತ್ತ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳ ಬೆಲೆಯನ್ನೂ ನೋಡುತ್ತಾರೆ. ಆ ಬೆಲೆಯ ಮೇಲೆ ಗ್ರಾಮೀಣ ಪ್ರದೇಶದ ಗುಣಕ, ಆಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ ಎಂಬ ಹೆಚ್ಚುವರಿ ಪರಿಹಾರ ಸೇರುತ್ತದೆ. ಪತ್ರದಲ್ಲಿ ಸುಳ್ಳು ಬೆಲೆ ಬರೆಸಿದವರು ಮಾರಿ ಹೋಗಿರುತ್ತಾರೆ. ಮಾರದೆ ಉಳಿದ ಪಕ್ಕದ ರೈತ ಅದರ ನಷ್ಟ ಹೊರುತ್ತಾನೆ.

ಮುಂಗಡ ಸ್ವಲ್ಪ ಕೊಟ್ಟು, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆಸಿಕೊಂಡು, ಉಳಿದದ್ದು ಆಮೇಲೆ ಅನ್ನುವವರಿಂದಲೂ ದೂರ ಇರಿ. ಜಿಪಿಎ ಮತ್ತು ಕರಾರಿನಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಆ ಕಾಗದ ಮೂರು ಕೈ ದಾಟಿದ ಮೇಲೆ ಜಮೀನು ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಊರಿಗೊಂದು ಮನೆಯಾದರೂ ಹೇಳುತ್ತದೆ.

ಇನ್ನು ದುಡ್ಡು. ಮೂರು ಎಕರೆಯ ಹಣ ಐದು ಪಾಲಾದರೆ ಒಬ್ಬೊಬ್ಬರ ಕೈಗೆ ಬರುವುದು ಒಂದು ಕಾರಿನ, ಒಂದು ಸೈಟಿನ ಅಡ್ವಾನ್ಸಿನ ಮೊತ್ತ. ಎರಡು ವರ್ಷದಲ್ಲಿ ಅದು ಕಾಣುವುದಿಲ್ಲ. ಅದೇ ಹೊಲವನ್ನು ತಿರುಗಿ ಕೊಳ್ಳಲು ಯಾರಿಂದಲೂ ಆಗುವುದಿಲ್ಲ. ಗುತ್ತಿಗೆಗೆ ಕೊಡಲು ಕಾನೂನಿಲ್ಲ ನಿಜ, ಅದು ಬದಲಾಗಲಿ ಅಂತ ನನ್ನ ಆಸೆಯೂ ಹೌದು. ಅಲ್ಲಿಯವರೆಗೆ ಹೆಬ್ಬೇವು, ಸಿಲ್ವರ್ ಓಕ್, ಮಾವಿನಂಥ ಕಡಿಮೆ ಆಳಿನ ಬೆಳೆ ಇದೆ. ಅಪ್ಪ ಅಮ್ಮ ಇನ್ನೂ ಊರಲ್ಲೇ ಇದ್ದರೆ ಮಾರುವ ಮಾತೇ ಬೇಡ. ಬೆಳಿಗ್ಗೆ ಎದ್ದು ಹೊಲದ ಕಡೆ ಒಂದು ಸುತ್ತು ಹೋಗಿ ಬರುವುದು ಅವರ ಇಡೀ ದಿನಕ್ಕೆ ಆಧಾರ.

ಕಷ್ಟ ನಿಜವಾಗಿ ಬಂದಿದ್ದರೆ ಮೊದಲು ಜಮೀನಿನ ಮೇಲೆ ಬ್ಯಾಂಕ್ ಸಾಲ ಸಿಗುತ್ತದಾ ನೋಡಿ. ಅದೂ ಆಗದಿದ್ದರೆ ಒಂದು ತುಂಡು ಮಾತ್ರ ಮಾರಿ. ಅದಕ್ಕೆ ಮಾರುವ ತುಂಡನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಅರ್ಜಿ ಹಾಕಿ ಅಳತೆ ಮಾಡಿಸಿ. ಕೊಳ್ಳುವವರು ರಸ್ತೆ ಕಡೆಯ ತುಂಡನ್ನೇ ಕೇಳುತ್ತಾರೆ. ಆದಷ್ಟೂ ಹಿಂದಿನದನ್ನು ಕೊಡಿ. ರಸ್ತೆ ಬದಿಯದನ್ನೇ ಕೊಡಬೇಕಾಗಿ ಬಂದರೆ, ಉಳಿದ ಹೊಲಕ್ಕೆ ಟ್ರ್ಯಾಕ್ಟರ್ ಹೋಗುವಷ್ಟು ದಾರಿ ಬಿಟ್ಟು, ಅದರ ಅಗಲ ಎಷ್ಟು ಅಡಿ ಅನ್ನುವುದನ್ನು ನಕ್ಷೆಯಲ್ಲೂ ಕ್ರಯಪತ್ರದಲ್ಲಿ ನಾಲ್ಕೂ ದಿಕ್ಕಿನ ಗಡಿ ಬರೆಯುವ ಚೆಕ್ಕುಬಂದಿಯಲ್ಲೂ ಬರೆಸಿ, ಆಮೇಲೆ ಸಹಿ ಹಾಕಿ.