ಶಕುನದ ಹಲ್ಲಿ

ಮಿಲಾನಿನ ಹ್ಯಾಕಿಂಗ್ ಟೀಮ್ ಕಂಪನಿ ತನ್ನ ಕಸುಬನ್ನು ಹೆಸರಲ್ಲೇ ಬರೆದುಕೊಂಡಿತ್ತು. ಅಷ್ಟರ ಮಟ್ಟಿಗೆ ಪ್ರಾಮಾಣಿಕರು. ಗಿರಾಕಿಗಳೆಲ್ಲ ಸರ್ಕಾರಗಳೇ. ಸರಕು ಬೇರೆಯವರ ಕಂಪ್ಯೂಟರಿಗೆ ನುಗ್ಗುವ ಗೂಢಚಾರ ಸಾಫ್ಟ್‌ವೇರ್, ಹೆಸರು ರಿಮೋಟ್ ಕಂಟ್ರೋಲ್ ಸಿಸ್ಟಮ್. ಅದರ ಒಂದು ಆವೃತ್ತಿಗೆ ಡಾ ವಿಂಚಿ ಎಂದೂ ಇನ್ನೊಂದಕ್ಕೆ ಗೆಲಿಲಿಯೋ ಎಂದೂ ನಾಮಕರಣ. ಗುರುಗ್ರಹದ ಚಂದ್ರರನ್ನು ಕಂಡವನ ಹೆಸರು ಪಕ್ಕದ ಮನೆ ಕಿಟಕಿಗೆ ಇಣುಕುವ ಸಾಮಾನಿಗೆ ಬಂತು.

ಬಳಕೆ ಸುಲಭ. ಸರ್ಕಾರಿ ಸಾಹೇಬರು ಒಂದು ವರ್ಡ್ ಫೈಲನ್ನು ಮಿಲಾನಿನ ಸಪೋರ್ಟ್ ವಿಭಾಗಕ್ಕೆ ಕಳಿಸಬೇಕು. ಅಲ್ಲಿ ಅದರೊಳಗೆ ಹುಳ ಕೂರಿಸಿ ವಾಪಸ್ ಕೊಡುತ್ತಾರೆ. ಅದನ್ನು ಬೇಡವಾದ ಪತ್ರಕರ್ತನಿಗೆ ಮೇಲ್ ಮಾಡಿದರಾಯಿತು. ಅವನು ತೆರೆದದ್ದೇ ತಡ, ಟೈಪ್ ಮಾಡಿದ ಅಕ್ಷರ, ಸ್ಕೈಪ್ ಮಾತು, ಮೈಕು, ಕ್ಯಾಮೆರಾ ಎಲ್ಲವೂ ಬೇರೆ ಬೇರೆ ದೇಶಗಳ ಬಾಡಿಗೆ ಸರ್ವರ್‌ಗಳನ್ನು ಸುತ್ತಿ ಸಾಹೇಬರ ಮೇಜಿಗೆ. ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯಾಗಿಸುವ ಎನ್‌ಕ್ರಿಪ್ಷನ್ ಇದೆಯಲ್ಲ ಎಂದು ಅವನು ನಿಶ್ಚಿಂತ. ಆದರೆ ಇವರು ಓದುವುದು ಲಕೋಟೆ ಅಂಟಿಸುವ ಮೊದಲೇ.

ಕಂಪನಿಗೆ ನೀತಿಯೂ ಇತ್ತು: ವಿಶ್ವಸಂಸ್ಥೆ ಕಪ್ಪುಪಟ್ಟಿಗೆ ಹಾಕಿದವರಿಗೆ ಮಾರುವುದಿಲ್ಲ. ಶಸ್ತ್ರಾಸ್ತ್ರ ನಿರ್ಬಂಧದಲ್ಲಿದ್ದ ಸುಡಾನಿಗೆ 2012ರಲ್ಲಿ 4,80,000 ಯೂರೋ ಬಿಲ್ ಮಾಡಿದ್ದು ಬೇರೆ ವಿಷಯ. ವಿಶ್ವಸಂಸ್ಥೆಯ ತಂಡ ಕೇಳಿದಾಗ ಬಂದ ಉತ್ತರ, ಈಗ ವ್ಯವಹಾರ ಇಲ್ಲ. ಹಿಂದೆ? ಅಯ್ಯೋ, ಸಾಫ್ಟ್‌ವೇರ್ ಆಯುಧವೇ ಅಲ್ಲವಲ್ಲ! ಸುಡಾನಿಗೆ ಸ್ಯಾಂಡ್‌ವಿಚ್ ಮಾರಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ ಎಂದು ಕಾನೂನು ಸಲಹೆಗಾರರೊಬ್ಬರು ಒಳಗಿನ ಮೇಲ್‌ನಲ್ಲಿ ಬರೆದರು. ತಿಂದವನ ಮಾತನ್ನು ರೆಕಾರ್ಡ್ ಮಾಡುವ ಸ್ಯಾಂಡ್‌ವಿಚ್. ಒಳಗಿನ ಗಿರಾಕಿ ಪಟ್ಟಿಯಲ್ಲಿ ಸುಡಾನಿನ ಮುಂದೆ ಇದ್ದ ಷರಾ: 'ಅಧಿಕೃತವಾಗಿ ಬೆಂಬಲವಿಲ್ಲ'.

ಇವೆಲ್ಲ ನಮಗೆ ಗೊತ್ತಾದದ್ದು 2015ರ ಜುಲೈ 5, ಭಾನುವಾರ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಅಂದು ಬಾನಿಗೆ ಬಿತ್ತು. ಬೀಳಿಸಿದವರು ಫಿನಿಯಾಸ್ ಫಿಷರ್ ಎಂಬ ಅನಾಮಧೇಯರು. ಮರುವರ್ಷ ಅವರೇ ವಿವರ ಬರೆದಿಟ್ಟಿದ್ದಾರೆ. ಹೊರಬಾಗಿಲು ತೆರೆಯಲು ಅವರಿಗೆ ಎರಡು ವಾರ ನಿಜವಾದ ಶ್ರಮ ಬೇಕಾಯಿತು. ಒಳಗೆ ಕಾಲಿಟ್ಟ ಮೇಲೆ ಛತ್ರದ ಊಟ. ಪಾಸ್‌ವರ್ಡೇ ಇಲ್ಲದ ಮೊಂಗೋಡಿಬಿ ಡೇಟಾಬೇಸ್. ಅದರಲ್ಲಿ ತಮ್ಮ ಸರಕನ್ನು ಪರೀಕ್ಷಿಸಲು ಹೋಗಿ ತಮ್ಮದೇ ಕಚೇರಿಯನ್ನು ಕದ್ದು ಕೇಳಿದ ಧ್ವನಿಮುದ್ರಿಕೆಗಳು. ಯಾರು ಬೇಕಾದರೂ ಜೋಡಿಸಿಕೊಳ್ಳುವಂತೆ ಬಿಟ್ಟಿದ್ದ ಬ್ಯಾಕಪ್ ಡಿಸ್ಕುಗಳು. ಅವುಗಳಲ್ಲಿ ಮೇಲ್ ಸರ್ವರ್‌ನ ಪೂರ್ತಿ ಪ್ರತಿ. ಆ ಹಳೆಯ ಪ್ರತಿಯಿಂದ ಹೆಕ್ಕಿದ ಒಂದು ಅಡ್ಮಿನ್ ಪಾಸ್‌ವರ್ಡ್ ಇನ್ನೂ ಚಾಲ್ತಿಯಲ್ಲಿತ್ತು. ಅಲ್ಲಿಂದ ಇಡೀ ಜಾಲದ ಬೀಗದಕೈ ಗೊಂಚಲೇ ವಶಕ್ಕೆ.

ಒಬ್ಬ ಸಿಸ್ಟಮ್ ಅಡ್ಮಿನ್ ಮಾತ್ರ ಜಾಗರೂಕ: ಪಾಸ್‌ವರ್ಡ್‌ಗಳನ್ನು ಟ್ರೂಕ್ರಿಪ್ಟ್ ಎಂಬ ಗೂಢಲಿಪಿ ಸಾಫ್ಟ್‌ವೇರಿನ ತಿಜೋರಿಯೊಳಗೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟಿದ್ದ. ಅವನೇ ತಿಜೋರಿ ತೆರೆಯುವ ತನಕ ಕಾದು ಕುಳಿತು ನಕಲು ಮಾಡಿಕೊಳ್ಳಲಾಯಿತು. ಲಕೋಟೆ ಅಂಟಿಸುವ ಮೊದಲೇ, ಅಷ್ಟೆ. ಸೋರಿದ ಪಾಸ್‌ವರ್ಡ್‌ಗಳಲ್ಲಿ ಒಂದು 'ಪಾಸ್‌ವರ್ಡ್' ಎಂಬ ಪದವೇ. ಕಳ್ಳನಿಗೆ ಕಷ್ಟವಾಗಲೆಂದು ಇಂಗ್ಲಿಷಿನ ಎ ಅಕ್ಷರ ತೆಗೆದು 4 ಹಾಕಿದ್ದರು. ಟ್ವಿಟರ್ ಖಾತೆಗೆ ಯಾವ ವಿದ್ಯೆಯೂ ಬೇಕಾಗಲಿಲ್ಲ. 'ಪಾಸ್‌ವರ್ಡ್ ಮರೆತಿರಾ?' ಎಂಬುದನ್ನು ಒತ್ತಿದರೆ ಸಾಕು, ಮೇಲ್ ಪೆಟ್ಟಿಗೆ ಆಗಲೇ ಕೈಲಿತ್ತು. ಖಾತೆಯ ಹೆಸರು ಹ್ಯಾಕ್ಡ್ ಟೀಮ್ ಆಯಿತು. ಅದರಲ್ಲೇ ಸುಮಾರು 400 ಜಿಬಿ ಕಡತಗಳ ವಿಳಾಸ.

ನಾಳೆಯಿಂದ ನಮ್ಮ ಸರಕು ಬಳಸಬೇಡಿ ಎಂದು ಕಂಪನಿ ಸರ್ಕಾರಗಳಿಗೆ ಹೇಳಿಕಳಿಸಿತು. ಬ್ರೌಸರ್‌ನಲ್ಲಿ ವಿಡಿಯೊ ಓಡಿಸುತ್ತಿದ್ದ ಅಡೋಬ್ ಕಂಪನಿಯ ಫ್ಲ್ಯಾಶ್ ಸಾಫ್ಟ್‌ವೇರಿನಲ್ಲಿ ಒಳನುಗ್ಗಲು ಗುಟ್ಟಾಗಿ ಇಟ್ಟುಕೊಂಡಿದ್ದ ದೋಷವೂ ಸೋರಿತ್ತು. ನಾಲ್ಕು ವರ್ಷಗಳಲ್ಲೇ ಅತ್ಯಂತ ಸುಂದರ ಫ್ಲ್ಯಾಶ್ ದೋಷ ಎಂದು ಅದರ ಟಿಪ್ಪಣಿಯಲ್ಲಿತ್ತು. ಆ ಸೌಂದರ್ಯವನ್ನು ಅಡೋಬ್ ಜುಲೈ 8ಕ್ಕೆ ಮುಚ್ಚುವಷ್ಟರಲ್ಲಿ ಸಾಮಾನ್ಯ ಸೈಬರ್ ಕಳ್ಳರೂ ಸವಿದಿದ್ದರು, ಅದೂ ಪುಕ್ಕಟೆ.

2016ರಲ್ಲಿ ಇಟಲಿ ಸರ್ಕಾರ ಕಂಪನಿಯ ಒಟ್ಟಾರೆ ರಫ್ತು ಪರವಾನಗಿ ಹಿಂತೆಗೆದುಕೊಂಡಿತು. 2019ರಲ್ಲಿ ಕಂಪನಿ ಕೈಬದಲಾಯಿತು. ಕೊಟ್ಟದ್ದು ಒಂದು ಯೂರೋ ಎಂದು ಕೊಂಡವರೇ ಹೇಳಿದ್ದಾರೆ. ಹೊಸ ಹೆಸರು ಮೆಮೆಂಟೊ ಲ್ಯಾಬ್ಸ್. 2025ರ ಅಕ್ಟೋಬರಿನಲ್ಲಿ ಅದರ ಹೊಸ ಸರಕನ್ನು ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್ಸ್ಕಿಯ ಸಂಶೋಧಕರು ಹಿಡಿದರು. ನಮ್ಮದೇ ಎಂದು ಮಾಲೀಕರು ಒಪ್ಪಿದರು. ತಪ್ಪು ಮಾತ್ರ ಸರ್ಕಾರಿ ಗಿರಾಕಿಯದ್ದಂತೆ, ಹಳಸಿದ ಆವೃತ್ತಿ ಬಳಸಿ ಸಿಕ್ಕಿಬಿದ್ದದ್ದಂತೆ. ಸರಕಿನ ಹೆಸರು ಈ ಸಲ ಡಾಂಟೆ, ನರಕಕ್ಕೆ ಒಂದು ಸುತ್ತು ಹೋಗಿಬಂದ ಕವಿ.