ಬಿಳಿಸೆರಗು ಮತ್ತು ಸೋಪು

ಬಿಳಿಸೆರಗಿನ (ಯೋನಿಯಿಂದ ಹೊರಬರುವ ಬಿಳಿ ಸ್ರಾವ) ಕುರಿತು ನಿಮ್ಮಲ್ಲಿ ಪ್ರಕಟವಾದ ಲೇಖನ ಓದಿದೆ; ಬಿಳಿಸೆರಗೆಲ್ಲವೂ ರೋಗವಲ್ಲವೆಂದು ಲೇಖಕರು ಸ್ಪಷ್ಟವಾಗಿ ಬರೆದಿರುವುದು ಸಮಾಧಾನ ತಂದಿತು. ಆದರೆ ಸೋಪಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಯೋನಿಯೊಳಗೆ ಸಹಜವಾಗಿಯೇ ಇರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲವನ್ನು ಉತ್ಪಾದಿಸಿ, ಮುಟ್ಟಾಗುವ ವಯಸ್ಸಿನಲ್ಲಿ ಅಲ್ಲಿನ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಿದ್ದಷ್ಟೂ ಆಮ್ಲ ಹೆಚ್ಚು) ಅನ್ನು ಸುಮಾರು 3.8ರಿಂದ 4.5ರ ನಡುವೆ ಕಾಯ್ದುಕೊಳ್ಳುತ್ತವೆ. ಸೋಪು ಅಥವಾ ನಂಜುನಿರೋಧಕ ದ್ರಾವಣದಿಂದ ಒಳಗೆ ತೊಳೆದರೆ ಸೋಂಕನ್ನು ತಡೆಯುವ ಈ ಆಮ್ಲದ ಕಾವಲು ತಪ್ಪುತ್ತದೆ. ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದು ಒರೆಸಿಕೊಂಡರೆ ಸಾಕು.

ನಮ್ಮ ಅತ್ತೆಯವರು ತುರಿಕೆಯನ್ನು ವರ್ಷವಿಡೀ ಬಾಯಿಬಿಟ್ಟು ಹೇಳದೆ, ಔಷಧಿ ಅಂಗಡಿಯಿಂದ ತರಿಸಿದ ಮುಲಾಮನ್ನು ಹಚ್ಚುತ್ತ, ದಿನಕ್ಕೆ ಮೂರು ಬಾರಿ ಸೋಪು ಹಾಕಿ ತೊಳೆಯುತ್ತಿದ್ದರು. ಒಳಉಡುಪನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಲಿನ ಹಗ್ಗದ ಮೇಲೆ, ಹಳೆಯ ಸೀರೆಯ ಅಡಿಯಲ್ಲಿ ಒಣಹಾಕುತ್ತಿದ್ದರು; ಅದು ಸಂಜೆಗೂ ತೇವವಾಗಿಯೇ ಇರುತ್ತಿತ್ತು. (ಗಂಡಸರ ಬನಿಯನ್ನಿಗೆ ಮಾತ್ರ ಅಂಗಳದ ಬಿಸಿಲು ಮೀಸಲು!) ಕೊನೆಗೆ ಕಂಡ ಸ್ತ್ರೀರೋಗ ತಜ್ಞೆ ಮೊದಲು ಬರೆದದ್ದು ರಕ್ತದ ಸಕ್ಕರೆಯ ಪರೀಕ್ಷೆಯನ್ನು. ಹತೋಟಿ ತಪ್ಪಿದ ಮಧುಮೇಹದಲ್ಲಿ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಮತ್ತೆ ಮತ್ತೆ ಮರುಕಳಿಸಬಹುದು ಎಂಬುದು ನಮಗೆ ಗೊತ್ತಾದದ್ದೇ ಆಗ.

ಒಡೆದ ಮೊಸರಿನಂತಹ ಸ್ರಾವ ಹಾಗೂ ತುರಿಕೆ ಸಾಮಾನ್ಯವಾಗಿ ಈ ಶಿಲೀಂಧ್ರದ ಲಕ್ಷಣವಾದರೆ, ಮೀನಿನ ವಾಸನೆಯ ತೆಳು ಬೂದುಬಣ್ಣದ ಸ್ರಾವಕ್ಕೆ ಹೆಚ್ಚಾಗಿ ಕಾರಣ ಬ್ಯಾಕ್ಟೀರಿಯಾಗಳ ಅಸಮತೋಲನ. ಎರಡಕ್ಕೂ ಔಷಧ ಬೇರೆ, ಆದ್ದರಿಂದ ಪಕ್ಕದ ಮನೆಯವರ ಚೀಟಿ ನಮಗೆ ಆಗದು. ಲೇಖನದಲ್ಲಿ ಬಿಟ್ಟುಹೋದದ್ದು ಇನ್ನೊಂದಿದೆ: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ ವೈದ್ಯರಿಗೆ ತೋರಿಸಲೇಬೇಕು.